ಹೆಚ್ಚಾದ ಅರ್ಧ ಅಂಗುಲ

ಸಣ್ಣ ದೋಣಿಗಳ ನೋಂದಣಿ ಮತ್ತು ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ದೋಣಿಯ ಉದ್ದ ಹನ್ನೊಂದು ಅಡಿ ಹನ್ನೊಂದೂವರೆ ಅಂಗುಲ. ನಿಮ್ಮ ಕಡತದಲ್ಲಿ ಅದು ಹನ್ನೆರಡು ಅಡಿ ಅರ್ಧ ಅಂಗುಲ. ನಡುವಿನ ಒಂದು ಅಂಗುಲ ಎಲ್ಲಿಂದ ಬಂತು ಎಂದು ಕೇಳಿ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕಕ್ಕೂ ಸ್ವೀಕೃತಿಯ ಮುದ್ರೆ ಬಿದ್ದಿದೆ. ಮುದ್ರೆ ಬಹಳ ಸ್ಪಷ್ಟವಾಗಿದೆ, ಅದರ ಬಗ್ಗೆ ನನ್ನ ದೂರಿಲ್ಲ. ಉತ್ತರ ಮಾತ್ರ ಬಂದಿಲ್ಲ. ಆದ್ದರಿಂದ ಐದನೆಯದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ದರ್ಜಿ. ನಿಮ್ಮ ಕಚೇರಿಯಿಂದ ಇಳಿದು ಬರುವ ಬೀದಿಯ ಕೊನೆಯಲ್ಲಿ, ಕ್ಷೌರದಂಗಡಿಗೆ ಅಂಟಿಕೊಂಡು ನನ್ನ ಅಂಗಡಿ ಇದೆ. ದರ್ಜಿಗೆ ದೋಣಿ ಯಾಕೆ ಎಂದು ನಿಮ್ಮ ಗುಮಾಸ್ತರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಿಮ್ಮ ನಮೂನೆಯಲ್ಲಿ ದೋಣಿಯ ಉದ್ದೇಶಕ್ಕೆ ಮೂರೇ ಚೌಕಗಳಿವೆ: ಮೀನುಗಾರಿಕೆ, ವಿಹಾರ, ಸರಕು. ‘ಕಾಜ’ ಎಂದು ಬರೆಯಲು ಚೌಕವಿಲ್ಲ. ನನ್ನ ಅಕ್ಕ ಆಚೆ ದಡದಲ್ಲಿದ್ದಾಳೆ. ಮೂವತ್ತು ವರ್ಷಗಳಿಂದ ನನ್ನ ಅಂಗಡಿಯ ಪ್ರತಿ ಅಂಗಿಗೂ ಕೈಯಲ್ಲೇ ಕಾಜ ಹೊಲಿದು ಗುಂಡಿ ಹಾಕುವವಳು ಅವಳು. ಮಂಗಳವಾರ ಗುಂಡಿಯಿಲ್ಲದ ಅಂಗಿಗಳು ಗಂಟು ಕಟ್ಟಿಕೊಂಡು ಆಚೆ ಹೋಗುತ್ತವೆ, ಶುಕ್ರವಾರ ಗುಂಡಿಯೊಂದಿಗೆ ಈಚೆ ಬರುತ್ತವೆ. ಕೆಲಸ ಮುಗಿದರೆ ಅವಳು ಹಗ್ಗದ ಮೇಲೆ ಬಿಳಿ ಬಟ್ಟೆಯೊಂದನ್ನು ಹರವುತ್ತಾಳೆ. ಅದು ನನ್ನ ಅಂಗಡಿಯ ಬಾಗಿಲಿಗೂ ಕಾಣುತ್ತದೆ, ನಿಮ್ಮ ಮೊದಲ ಮಹಡಿಯ ಕಿಟಕಿಗೂ ಕಾಣುತ್ತದೆ. ಹುಟ್ಟು ಹಾಕಿದರೆ ಇಪ್ಪತ್ತು ನಿಮಿಷದ ನೀರು. ರಸ್ತೆಯಲ್ಲಿ ಹೋದರೆ ಸೇತುವೆ ಸುತ್ತಿ, ಎರಡು ಬಸ್ಸು ಹತ್ತಿ, ಏರಿಯ ಮೇಲೆ ಒಂದು ಗಂಟೆ ನಡೆಯಬೇಕು. ಬೆಳಗ್ಗೆ ಹೊರಟವನು ದೀಪ ಹಚ್ಚುವ ಹೊತ್ತಿಗೆ ವಾಪಸು.

ದೋಣಿಯನ್ನು ಮಾಡಿದವರು ಅಕ್ಕನ ಗಂಡ, ನನ್ನ ಭಾವ. ಬಡಗಿ. ನಿಯಮ ಓದುವ ಬಡಗಿ. ಹನ್ನೆರಡು ಅಡಿಗಿಂತ ಚಿಕ್ಕ ದೋಣಿಗೆ ಎರಡು ಹುಟ್ಟು, ಒಂದು ಹಗ್ಗ, ನೀರು ಎತ್ತಿ ಚೆಲ್ಲಲು ಡಬ್ಬಿ, ಕೂತವರಿಗೊಂದು ತೇಲುಜಾಕೆಟ್ ಇದ್ದರೆ ಸಾಕು, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಹನ್ನೆರಡು ಮುಟ್ಟಿತೋ, ಅದು ನಿಮ್ಮದು: ನೀವು ಹೇಳಿದ ಸಲಕರಣೆ, ನಿಮ್ಮ ಕೊಟ್ಟಿಗೆಯಲ್ಲೇ ಜಾಗ. ಭಾವ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಹನ್ನೆರಡಕ್ಕೆ ಅರ್ಧ ಅಂಗುಲ ಕಮ್ಮಿ ಇಟ್ಟಿದೀನಿ ಕಣೋ. ನಾಳೆ ನಾನಿಲ್ದೇ ಹೋದ್ರೂ ನೀನು ಕಚೇರಿ ಮೆಟ್ಟಿಲು ಹತ್ಬಾರ್ದು.” ಅವರು ಹೋಗಿ ಆರು ವರ್ಷವಾಯಿತು. ನಿಮ್ಮ ಮೆಟ್ಟಿಲು ಎಷ್ಟಿವೆ ಎಂದು ಈಗ ನನಗೆ ಬಾಯಿಪಾಠ. ಇಪ್ಪತ್ತಾರು. ಹದಿನಾಲ್ಕನೆಯದು ಮುರಿದಿದೆ.

ಇನ್ನು ದೋಣಿ ಇಡುವ ಜಾಗ. ಅದನ್ನು ನಾನು ನೀರಿನ ಬದಿಯಲ್ಲಿ ಬಿಟ್ಟವನಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಬೋರಲು ಹಾಕಿ, ಮೇಲೊಂದು ದಪ್ಪ ಜಮಖಾನ ಹರವಿದರೆ ಅದೇ ನನ್ನ ಕತ್ತರಿಸುವ ಮೇಜು. ಚಪ್ಪಟೆ ತಳದ ದೋಣಿ. ಎರಡು ಪ್ಯಾಂಟು ಒಟ್ಟಿಗೆ ಹರವಬಹುದು. ಮಂಗಳವಾರ ಮತ್ತು ಶುಕ್ರವಾರ ನಾನೂ ಪಕ್ಕದ ಕ್ಷೌರಿಕರೂ ಸೇರಿ ಮೇಜನ್ನು ಮಗುಚಿ, ಸೈಕಲ್ ಚಕ್ರದ ಗಾಡಿಯ ಮೇಲಿಟ್ಟು ನೀರಿಗೆ ತಳ್ಳುತ್ತಿದ್ದೆವು. ವಾರಕ್ಕೆ ಎರಡು ಸಲ ನೀರು ಕಂಡರೆ ಹಲಗೆ ಉಬ್ಬಿಕೊಂಡು ಸಂದಿಗಳು ಬಿಗಿಯಾಗಿರುತ್ತವೆ. ಇದೂ ಭಾವ ಹೇಳಿಕೊಟ್ಟದ್ದೇ.

ಹೀಗಿರಲು ಒಂದು ಗುರುವಾರ ನಿಮ್ಮ ಪರಿವೀಕ್ಷಕರು ಅಳತೆಗೆ ಬಂದರು. ಸಜ್ಜನರು. ಚಪ್ಪಲಿ ಬಿಟ್ಟೇ ಒಳಗೆ ಬಂದರು. ಚರ್ಮದ ಡಬ್ಬಿಯಿಂದ ಉದ್ದದ ಟೇಪು ಎಳೆದು ತುದಿಯನ್ನು ದೋಣಿಯ ಮೂತಿಗೆ ಹಿಡಿದರು. ಮಾನ್ಯರೇ, ಆ ಟೇಪಿಗೆ ಮೊದಲ ಅಂಗುಲವೇ ಇರಲಿಲ್ಲ. ಹರಿದುಹೋಗಿತ್ತು. ‘ಒಂದು’ ಎಂಬ ಅಂಕಿಯಿಂದಲೇ ಅದು ಶುರುವಾಗುತ್ತಿತ್ತು. ನಾನು ಕಂಡೆ. ಕಂಡೂ ಸುಮ್ಮನಿದ್ದೆ. ಯಾಕೆಂದರೆ ನಮ್ಮ ಕಸುಬಿನಲ್ಲಿ ಹರಿದ ಟೇಪು ಹೊಸದೇನಲ್ಲ. ತುದಿ ಹೋದರೆ ಒಂದರಿಂದ ಹಿಡಿದು ಕೊನೆಗೆ ಒಂದು ಕಳೆಯುತ್ತೇವೆ. ಬಾಯಿಬಿಟ್ಟು ಹೇಳುವುದೂ ಇಲ್ಲ, ಮನಸ್ಸು ತಾನಾಗಿ ಕಳೆದುಬಿಡುತ್ತದೆ. ಇನ್ನೊಬ್ಬನ ಟೇಪಿಗೆ ಬೆರಳು ತೋರಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸರ್ಕಾರಿ ಕೆಲಸದವರು, ಲೆಕ್ಕ ಬಲ್ಲವರು, ಕಳೆದುಕೊಂಡೇ ಬರೆಯುತ್ತಾರೆ ಎಂದುಕೊಂಡೆ. ಅವರು ಹಾಳೆ ಚಾಚಿದರು, ಕನ್ನಡಕ ಇಲ್ಲದೆಯೇ ಸಹಿ ಹಾಕಿದೆ. ಈ ಇಡೀ ಪ್ರಕರಣದಲ್ಲಿ ನಡೆದ ತಪ್ಪುಗಳಲ್ಲಿ ಒಂದು ನನ್ನದು, ಅದು ಇದೇ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ ಇರಬೇಕು. ಪ್ರತಿಯನ್ನು ಓದಿಕೊಂಡು ಬೀದಿಗೆ ಓಡಿದೆ.

“ಸರ್, ಒಂದು ಅಂಗುಲ ಕಳೀಲಿಲ್ವಾ?”

“ಯಾಕೆ ಕಳೀಬೇಕು ಮಾಸ್ಟ್ರೇ?”

“ಟೇಪಿನ ತುದಿ ಹರಿದಿದೆಯಲ್ಲ.”

ಅವರು ತುದಿಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಡಬ್ಬಿಯೊಳಗೆ ಸುತ್ತಿ, “ಇದು ಕಚೇರಿ ಟೇಪು ಮಾಸ್ಟ್ರೇ. ಇದರಲ್ಲೇ ಎಲ್ಲರದ್ದೂ ಅಳೆದಿರೋದು. ನಿಮಗೊಬ್ಬರಿಗೆ ಕಳೆದ್ರೆ ಉಳಿದೋರು ಸುಮ್ನಿರ್ತಾರಾ?” ಎಂದರು. ಸಮಾನತೆಯ ಬಗ್ಗೆ ಇಷ್ಟು ಸರಳವಾದ ವಿವರಣೆಯನ್ನು ನಾನು ಎಲ್ಲಿಯೂ ಕೇಳಿಲ್ಲ. ಆದರೂ ಒಂದು ಸಂದೇಹ. ಇದೇ ಪರಿವೀಕ್ಷಕರ ಸೊಂಟ ನನ್ನ ಪುಸ್ತಕದಲ್ಲಿ ಮೂವತ್ತೆಂಟು ಅಂಗುಲ. ಕಚೇರಿಯ ಟೇಪಿನಲ್ಲಿ ಮೂವತ್ತೊಂಬತ್ತು. ಆ ಅಳತೆಗೆ ನಾನು ಪ್ಯಾಂಟು ಹೊಲಿದಿದ್ದರೆ ಅವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ತಪಾಸಣೆ ನಡೆಸಬೇಕಾಗುತ್ತಿತ್ತು. ನನ್ನ ಟೇಪಿನ ಮೇಲೆ ಅವರಿಗಿರುವ ನಂಬಿಕೆ ಅವರ ಟೇಪಿನ ಮೇಲೆ ನನಗೆ ಬರುವುದು ಹೇಗೆ?

ಅಂದೇ ಸಂಜೆ ದೋಣಿಗೆ ಹಗ್ಗ ಸುತ್ತಿ ಸೀಸದ ಮುದ್ರೆ ಒತ್ತಿ ಹೋದರು. ಸಲಕರಣೆ ಸೇರಿಸಿ, ಅಧಿಕೃತ ದೋಣಿ ಕೊಟ್ಟಿಗೆಯಲ್ಲಿ ಜಾಗ ಪಡೆಯುವವರೆಗೆ ದೋಣಿಯನ್ನು ‘ಬಳಸತಕ್ಕದ್ದಲ್ಲ’ ಎಂದು ನೋಟೀಸು. ದೋಣಿಯ ಬೆನ್ನ ಮೇಲೆ ಬಟ್ಟೆ ಕತ್ತರಿಸುವುದು ಬಳಕೆಯೋ ಅಲ್ಲವೋ ಎಂದು ಎರಡನೆಯ ಅರ್ಜಿಯಲ್ಲಿ ವಿನಯದಿಂದ ಕೇಳಿದ್ದೆ. ಅಲ್ಲಿಯವರೆಗೆ ನೆಲದ ಮೇಲೆ ಕೂತು ಕತ್ತರಿಸುತ್ತಿದ್ದೇನೆ. ಅರವತ್ತನಾಲ್ಕರ ಮೊಣಕಾಲು ನಿಮ್ಮ ಉತ್ತರವನ್ನು ಬಹಳ ಕಾತರದಿಂದ ಎದುರು ನೋಡುತ್ತಿದೆ.

ಸಲಕರಣೆಯನ್ನು ಒದಗಿಸಿದೆ. ಆಜ್ಞಾಪಾಲನೆಯಲ್ಲಿ ನಾನು ಹಿಂದೆ ಬಿದ್ದವನಲ್ಲ. ಲಂಗರು, ಅದಕ್ಕೆ ನೂರು ಅಡಿ ಹಗ್ಗ, ಬೆಂಕಿ ನಂದಿಸುವ ಸಿಲಿಂಡರು, ಎರಡು ತೇಲುಬಳೆ, ಎರಡು ಕಂದೀಲು, ಒಂದು ಗಂಟೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹತ್ಯಾರದ ಪೆಟ್ಟಿಗೆ, ಕುಡಿಯುವ ನೀರಿನ ಕ್ಯಾನು, ಬಿಡಿ ಹುಟ್ಟುಗಳು, ಎಷ್ಟು ಜನ ಕೂರಬಹುದು ಎಂದು ಬರೆಯಲು ತಗಡಿನ ಫಲಕ. ಎಂಜಿನ್ನೇ ಇಲ್ಲದ ದೋಣಿಗೆ ಬೆಂಕಿ ಎಲ್ಲಿಂದ ಬರಬೇಕು, ಅದೂ ನೀರಿನ ನಡುವೆ, ಎಂದು ನಾನು ಕೇಳಲಿಲ್ಲ. ಬಂದರೂ ಬರಬಹುದು. ಪರಿವೀಕ್ಷಕರು ಎರಡನೆಯ ಸಲ ಬಂದು ಮುದ್ರೆ ಬಿಚ್ಚಿ, ಎಲ್ಲವನ್ನೂ ದೋಣಿಯೊಳಗೆ ಜೋಡಿಸಲು ಹೇಳಿ, ತೂಕ ಹಾಕಿ, ಫಲಕದ ಮೇಲೆ ತಾವೇ ಬಣ್ಣದಲ್ಲಿ ಬರೆದರು: ‘ಸಾಮರ್ಥ್ಯ: ಸೊನ್ನೆ ಜನ.’ ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಇಷ್ಟು ನೀಟಾದ ಅಕ್ಷರದಲ್ಲಿ ಬರೆದವರನ್ನು ನಾನು ಬೇರೆ ಕಂಡಿಲ್ಲ.

“ಯಾರೂ ಕೂರೋ ಹಾಗಿಲ್ಲ ಅಂದ್ಮೇಲೆ ತೇಲುಜಾಕೆಟ್ ತೆಗೀಬಹುದಾ ಸರ್?” ಎಂದೆ.

“ಅದು ಹ್ಯಾಗಾಗುತ್ತೆ? ಜಾಕೆಟ್ ಬೇಕೇ ಬೇಕು. ಇಬ್ಬರಿಗೆ.”

ಮತ್ತೆ ಮುದ್ರೆ ಒತ್ತಿದರು. ಆಮೇಲೆ ಕೊಟ್ಟಿಗೆ. ಕ್ಷೌರಿಕರನ್ನು ಕರೆದುಕೊಂಡು, ಮುದ್ರೆ ಒಡೆಯದಂತೆ, ಗಾಡಿಯ ಮೇಲೆ ದೋಣಿಯನ್ನು ನಿಮ್ಮ ಕೊಟ್ಟಿಗೆಯವರೆಗೆ ತಳ್ಳಿಕೊಂಡು ಹೋದೆ. ನಮಗೆ ತೋರಿಸಿದ ಖಾನೆಯೊಳಗೆ ದೋಣಿ ಹೋಯಿತು, ಬಾಗಿಲು ಮುಚ್ಚಲಿಲ್ಲ. ಅರ್ಧ ಅಂಗುಲ ಹೊರಗೆ ಉಳಿಯಿತು. ಹಿಂದೆ ಒತ್ತಿದೆವು, ಓರೆ ಮಾಡಿದೆವು, ಕ್ಷೌರಿಕರು ಎರಡು ಮಾತು ಬೈದೂ ನೋಡಿದರು. ಕಾವಲುಗಾರರು ಖಾನೆಗಳೆಲ್ಲ ಹನ್ನೆರಡು ಅಡಿಯವು, ಹೋದ ವರ್ಷ ಕಚೇರಿ ಟೇಪಿನಲ್ಲೇ ಅಳೆದು ಕಟ್ಟಿದ್ದು ಎಂದರು. ನಾನು ಜೇಬಿನ ಟೇಪು ತೆಗೆದು ಅಳೆದೆ. ಹನ್ನೊಂದು ಅಡಿ ಹನ್ನೊಂದು ಅಂಗುಲ. ನಿಮ್ಮ ಕಚೇರಿ ನನಗೆ ಮಾತ್ರ ಅನ್ಯಾಯ ಮಾಡುತ್ತಿದೆ ಎಂಬ ಅನುಮಾನ ಅಲ್ಲಿಗೆ ಬಗೆಹರಿಯಿತು. ಅದು ತನಗೂ ಸರಿಸಮವಾಗಿ ಮಾಡಿಕೊಂಡಿದೆ. ಹೀಗೆ ನನ್ನ ದೋಣಿ ಹೊರಗಿಡಲು ಅರ್ಧ ಅಂಗುಲ ಉದ್ದ, ಒಳಗಿಡಲೂ ಅರ್ಧ ಅಂಗುಲ ಉದ್ದ. ಅತ್ತ ದರಿ, ಇತ್ತ ಪುಲಿ. ಗಾಡಿ ತಿರುಗಿಸಿಕೊಂಡು ಬಂದೆವು.

ಪಕ್ಕದ ಮೀನುಗಾರರ ದೋಣಿಯಲ್ಲಿ ಬಟ್ಟೆ ಕಳಿಸಬಾರದೇ ಎಂದು ನಿಮ್ಮ ಗುಮಾಸ್ತರು ಸಲಹೆ ಕೊಟ್ಟರು. ಮರುಗಳಿಗೆಯಲ್ಲೇ, ಮೀನಿನ ಪರವಾನಗಿಯಲ್ಲಿ ಅಂಗಿ ಸಾಗಿಸಿದರೆ ಅವರ ದೋಣಿಗೂ ಮುದ್ರೆ ಬೀಳುತ್ತದೆ ಎಂದೂ ತಿಳಿಸಿದರು. ಇಬ್ಬರು ಸಲಹೆಗಾರರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದಾರೆ, ಅವರನ್ನು ಗಮನದಲ್ಲಿಡಿ.

ಹಾಗಾಗಿ ಬಸ್ಸು ಹತ್ತಿದೆ. ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಈ ಮೂರು ತಿಂಗಳಲ್ಲಿ ಎರಡು ಸಲ ಅಂಗಡಿ ಮುಚ್ಚಿ ಹೋಗಿಬಂದೆ. ಮೊದಲ ಸಲ ಹೋದಾಗ ಅಕ್ಕ ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತಿದ್ದಳು. ಕೈ ಖಾಲಿ ಇತ್ತು. ಅವಳ ಕೈ ಖಾಲಿ ಇದ್ದದ್ದನ್ನು ನಾನು ಹಿಂದೆ ಕಂಡ ನೆನಪಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

“ಟೇಪಿನ ತುದಿ ನೀನು ನೋಡ್ಲಿಲ್ವೇನೋ?”

“ನೋಡ್ದೆ ಅಕ್ಕ. ಅವರು ಕಳೀತಾರೆ ಅಂದ್ಕೊಂಡೆ.”

“ನೀನು ಕಳೀತೀಯ ಅಂತ ಲೋಕವೆಲ್ಲ ಕಳೀತದಾ? ನಿಮ್ಮ ಭಾವ ಅರ್ಧ ಅಂಗುಲ ಉಳಿಸಿಕೊಟ್ಟು ಹೋದ್ರು. ನೀನು ಮರ್ಯಾದೆಗೆ ಒಂದು ಅಂಗುಲ ದಾನ ಮಾಡಿ ಬಂದಿದ್ದೀಯ!”

ಸಮಾಧಾನ ಹೇಳಲು ಹೋದೆ. “ಸಮಾಧಾನ ಬೇಡ ಕಣೋ, ಕೆಲಸ ತಾ” ಎಂದಳು. ಆಮೇಲೆ ದನಿ ಇಳಿಸಿ, “ಕಣ್ಣಿನ ಡಾಕ್ಟ್ರು ಹೇಳಿದಾರೆ. ಆಪರೇಷನ್ನಿಗೆ ಬರೋ ಕಣ್ಣಲ್ಲವಂತೆ. ಈ ವರ್ಷ ಸೂಜಿ ಕಾಣತ್ತೆ, ಮುಂದಿನ ವರ್ಷ ಹೇಳಕ್ಕಾಗಲ್ಲ ಅಂದ್ರು. ಕಾಣೋವಷ್ಟು ದಿನ ಹೊಲೀತೀನಿ” ಎಂದಳು.

ಮಾನ್ಯರೇ, ಇಲ್ಲಿಯವರೆಗೆ ನಾನು ತಮಾಷೆಯಾಗಿ ಬರೆದೆ. ಈ ಮಾತು ತಮಾಷೆಯಲ್ಲ. ಅವಳಿಗೆ ಉಳಿದಿರುವುದು ಒಂದು ವರ್ಷದ ಕಣ್ಣು. ಅದರಲ್ಲಿ ಮೂರು ತಿಂಗಳು ಹನ್ನೊಂದು ದಿನವನ್ನು ನಿಮ್ಮ ಹರಿದ ಟೇಪು ತಿಂದಿದೆ. ನನಗೆ ಸಿಟ್ಟು ಬಂದಿದೆ, ಸಹಿ ಹಾಕಿದ್ದಕ್ಕೆ ನಾಚಿಕೆಯೂ ಆಗಿದೆ. ಒಣಗಿ ನಿಂತ ದೋಣಿಯಲ್ಲಿ ಮೊದಲು ಸೂಜಿ ಹೋಗದಿದ್ದ ಸಂದಿಗೆ ಈಗ ನನ್ನ ಸೀಮೆಸುಣ್ಣದ ಬಿಲ್ಲೆ ಹೋಗುತ್ತದೆ. ಇನ್ನೂ ಒಂದೆರಡು ತಿಂಗಳು ಹೀಗೇ ಇಟ್ಟರೆ ನೀವು ಅನುಮತಿ ಕೊಟ್ಟರೂ ಅದು ತೇಲುವುದಿಲ್ಲ. ದೋಣಿಯ ಮೂತಿಯಿಂದ ಒಂದು ಅಂಗುಲ ಕೊಯ್ದುಬಿಡಿ ಎಂದು ಕ್ಷೌರಿಕರು ಹೇಳುತ್ತಾರೆ. ಕತ್ತರಿಸುವುದು ಅವರ ಕಸುಬು. ಭಾವನ ಪೆನ್ಸಿಲ್ ಗೆರೆ ಇರುವುದು ಅಲ್ಲೇ, ನನ್ನ ಕೈ ಏಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈ ಪತ್ರದ ಜೊತೆ ಹೊಸ ಟೇಪೊಂದನ್ನು ಲಗತ್ತಿಸಿದ್ದೇನೆ. ಮೊದಲ ಅಂಗುಲ ಇದೆ, ಪರೀಕ್ಷಿಸಿಕೊಳ್ಳಿ. ಬರುವ ಸೋಮವಾರ ನೀವೇ ಬಂದು, ಒಂದು ತುದಿ ನೀವು ಹಿಡಿದು, ಊರವರ ಎದುರು ಅಳೆಯಿರಿ. ನಿಜವಾಗಿಯೂ ಹನ್ನೆರಡು ಅಡಿ ಬಂದರೆ ಗರಗಸ ನಾನೇ ಹಿಡಿಯುತ್ತೇನೆ. ಬಾರದಿದ್ದರೆ ಅಲ್ಲೇ ಮುದ್ರೆ ಬಿಚ್ಚಿ. ಮಂಗಳವಾರದ ಗಂಟು ಕಟ್ಟಿ ಇಟ್ಟಿದ್ದೇನೆ.

ಕೊನೆಯದಾಗಿ ಒಂದು ಮಾಹಿತಿ. ಅಳತೆಗೆ ಎರಡು ದಿನ ಮೊದಲು ಹೋದ ಗಂಟಿನಲ್ಲಿ ನಿಮ್ಮ ಕಚೇರಿಯ ಮೂರು ಅಂಗಿಗಳೂ ಇದ್ದವು. ಎರಡು ಪರಿವೀಕ್ಷಕರವು. ಮೂರನೆಯದು, ಬಿಳಿಯದು, ನಿಮ್ಮ ಜವಾನರು ‘ಸಾಹೇಬರದು’ ಎಂದು ಚೀಟಿ ಚುಚ್ಚಿ ಕೊಟ್ಟದ್ದು. ಊರವರ ಅಂಗಿಗಳನ್ನು ಬಸ್ಸಿನಲ್ಲಿ ತಂದು ಹಂಚಿದ್ದೇನೆ. ಆ ಮೂರನ್ನು ಮಾತ್ರ ಅಕ್ಕ ಕೊಡಲಿಲ್ಲ. “ಕಚೇರಿಯವರದ್ದು ಕಚೇರಿಯವರು ಬಿಟ್ಟ ದೋಣೀಲೇ ಹೋಗ್ಲಿ” ಎಂದು ಗಂಟಿಗೆ ದಾರ ಸುತ್ತಿ ಮೇಣದ ಮುದ್ರೆ ಒತ್ತಿದ್ದಾಳೆ. ಬಿಳಿಯದನ್ನು ಮಾತ್ರ ಹೊರಗಿಟ್ಟಿದ್ದಾಳೆ. ಮೂರು ತಿಂಗಳಿಂದ ನಿಮ್ಮ ಕಿಟಕಿಯ ಎದುರು, ನೀರಿನ ಆಚೆ, ಹಗ್ಗದ ಮೇಲೆ ಹಾರಾಡುತ್ತಿರುವುದು ಅದೇ.

ಗುಂಡಿಗಳೆಲ್ಲ ಹಾಕಿ ಆಗಿದೆ. ಏಳನೆಯ ಕಾಜ ಒಂದು ಎಳೆಯಷ್ಟು ಓರೆಯಾಗಿದೆ, ನಾನು ನೋಡಿ ಬಂದೆ. ಮೂವತ್ತು ವರ್ಷದಲ್ಲಿ ಅವಳ ಕೈಯಿಂದ ಓರೆ ಬಂದದ್ದು ಅದೊಂದೇ. ಅಂಗಿ ನಿಮ್ಮ ಕೈಸೇರಿದ ದಿನ ದಯವಿಟ್ಟು ಅದನ್ನು ಅಳೆಯಬೇಡಿ.

ಇಂತಿ,
ಕಳೆಯಬೇಕಾದ ಅಂಗುಲಕ್ಕೆ ಸಹಿ ಹಾಕಿದ,
ಸದ್ಯ ನೆಲದ ಮೇಲೆ ಕೂತಿರುವ ದರ್ಜಿ