ಜಿಂಕೆ ಬಾಡಿನ ಪಾಲು

ಬ್ಲಫ್ ಅಂಚೆ, ಮಳವಳ್ಳಿ ತಾಲ್ಲೂಕು
೨೦-೧-೧೯೪೧

ಸೌಭಾಗ್ಯವತಿ ಹೊಂಬಾಳಮ್ಮನಿಗೆ ಪುಟ್ಟಸ್ವಾಮಿಯ ಆಶೀರ್ವಾದಗಳು.

ನಾನು, ಅವ್ವ, ಎತ್ತುಗಳು, ಎಲ್ಲರೂ ಚೆನ್ನಾಗಿದ್ದೇವೆ. ದುದ್ದದಲ್ಲಿ ನೀನೂ ನಿಮ್ಮ ಮನೆಯವರೂ ಹೇಗಿದ್ದೀರಿ ಎಂದು ತಿಳಿಸು. ಕಾಗದ ತಡವಾಯಿತೆಂದು ಬೈಯಬೇಡ. ಹುರುಳಿ ಕೀಳುವ ಕೆಲಸವಿತ್ತು ಎಂದು ಬರೆಯಬಹುದು, ಆದರೆ ನೀನು ನಂಬುವವಳಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೆ. ನಿಮ್ಮಣ್ಣ ಮಹದೇವಯ್ಯ ಮಳವಳ್ಳಿ ಸಂತೆಯಲ್ಲಿ ಸಿಕ್ಕಿದ್ದ. ನೀನು ಇತ್ತ ಬರುವ ಮಾತನ್ನೇ ಎತ್ತುತ್ತಿಲ್ಲ ಎಂದ. ಎಲೆಅಡಿಕೆ ಕೊಡಿಸಿ, ಬೇರೆ ಏನೂ ಕೇಳದೆ ಬಂದುಬಿಟ್ಟೆ. ನೀನು ತವರಿಗೆ ಹೋದಾಗ ರಾಗಿ ಮೊಣಕಾಲುದ್ದ ಇತ್ತು. ಈಗ ಕಣವೂ ಮುಗಿಯಿತು. ನೀನು ಬರಬೇಕು ಎಂದು ಕೇಳುವುದಕ್ಕೇ ಈ ಕಾಗದ.

ಊರಿನ ಸುದ್ದಿ ಎಂದರೆ ಜಿಂಕೆಯದು. ಪಕ್ಕದ ಹೊಲದ ಚಿಕ್ಕಬೋರಯ್ಯ ನಿನಗೆ ಗೊತ್ತಲ್ಲ, ಅವರೆಗೆ ನುಗ್ಗಿದ ಜಿಂಕೆಗೆ ಹೋದ ವಾರ ಒಂದು ಸಂಜೆ ಕೋವಿ ಹಾರಿಸಿದ. ಹತ್ತು ವರ್ಷದಿಂದ ಹಾರಿಸುತ್ತಿದ್ದಾನೆ, ಒಂದು ಮೊಲಕ್ಕೂ ತಾಗಿರಲಿಲ್ಲ. ಅವತ್ತು ತಾಗಿಬಿಟ್ಟಿತು. ಅವನಿಗೇ ನಂಬಿಕೆಯಾಗದೆ ನಮ್ಮನ್ನೆಲ್ಲ ಕೂಗಿ ಕರೆದ. ಬೇಲಿಯ ಹತ್ತಿರ ರಕ್ತ ಬಿದ್ದಿತ್ತು, ಅದರ ಜೊತೆಗೆ ಹಸಿರು ಮೇವಿನ ಚೂರೂ ಇತ್ತು. ಅದನ್ನು ನೋಡಿದ್ದೇ, ಕಾಡು ಅಲೆದು ಪಳಗಿದ ನಮ್ಮ ಕರಿಸಿದ್ದಯ್ಯ ಎಲ್ಲರನ್ನೂ ತಡೆದ.

“ಒಟ್ಟೆಗೆ ಬಿದ್ದದೆ ಕಣ್ಲಾ. ಈಗ್ಲೇ ಅಟ್ಟಿಸ್ಕಂಡು ವೋದ್ರೆ ಉಸ್ರಿರೋಗಂಟ ಓಡ್ತದೆ. ಬುಡಿ, ಎಲ್ಲಾರ ಮನೀಕಳ್ಳಿ” ಎಂದ.

ರಾತ್ರಿಯೆಲ್ಲ ಅದನ್ನು ಮಲಗಲು ಬಿಟ್ಟು, ಬೆಳಗ್ಗೆ ರಕ್ತದ ಜಾಡು ಹಿಡಿದು ಹೊರಟೆವು. ಹಳ್ಳದ ಹತ್ತಿರ ಹೊಂಗೆಮರದ ಬುಡದಲ್ಲಿ ಮಡಿದು ಬಿದ್ದಿತ್ತು. ನೀರಿನ ಕಡೆಗೇ ಮುಖ ಮಾಡಿತ್ತು, ಕುಡಿಯುವಷ್ಟು ದೂರ ಹೋಗಲು ಆಗಿರಲಿಲ್ಲ.

ಇನ್ನು ತಿನ್ನಬಹುದೋ ಬಾರದೋ ಎನ್ನುವ ಪಂಚಾಯಿತಿ. ಹೊಟ್ಟೆ ಊದಿರಲಿಲ್ಲ, ಕಾಲು ಸೆಟೆದಿರಲಿಲ್ಲ, ತೊಡೆಯ ಸಂದಿಗೆ ಕೈಯಿಟ್ಟರೆ ಇನ್ನೂ ಬೆಚ್ಚಗಿತ್ತು. ಹಾಗಾಗಿ ಸತ್ತದ್ದು ಬೆಳಗಿನ ಜಾವಕ್ಕೆ ಎಂದಾಯಿತು. ಸೀಳಿದಾಗ ಎಡಪಕ್ಕೆಯೆಲ್ಲ ಹಸಿರುಗಟ್ಟಿ ನಾತ ಬಂತು. ಚಿಕ್ಕಬೋರಯ್ಯ ಮೂಗು ಮುಚ್ಚಿಕೊಂಡು, ಪೂರ್ತಿ ಹೂತುಬಿಡೋಣ, ಊರವರಿಗೆ ವಾಂತಿಭೇದಿ ಆದರೆ ನನ್ನ ತಲೆಗೆ ಬರುತ್ತದೆ ಎಂದು ಹಟ ಹಿಡಿದ. ಕರಿಸಿದ್ದಯ್ಯ ಪಿತ್ತ ಅಂಟಿದ ಈಲಿಯನ್ನು ಹೊರತೆಗೆದು ತಿರುವಿ ತಿರುವಿ ನೋಡಿದ, ರೋಗದ ಚುಕ್ಕೆಯಿರಲಿಲ್ಲ. ಆಮೇಲೆ ಹಿಂತೊಡೆಗೆ ಚೂರಿಯನ್ನು ಮೂಳೆ ಮುಟ್ಟುವವರೆಗೆ ಇಳಿಸಿ, ಎಳೆದು, ಮೂಸಿ, ಎಲ್ಲರ ಮೂಗಿಗೂ ಹಿಡಿದ. ಒಬ್ಬೊಬ್ಬರೂ ಮೂಸಿ ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ಮೂಸಿ ತಲೆಯಾಡಿಸಿದೆ, ಏನು ಗೊತ್ತಾಯಿತೋ ದೇವರೇ ಬಲ್ಲ. ನೀನಿದ್ದಿದ್ದರೆ ಮಾರು ದೂರದಿಂದಲೇ ಹೇಳಿಬಿಡುತ್ತಿದ್ದೆ. ಹೋಗುವ ಮುಂಚೆ ನೆರೆಮನೆಯ ಒಗ್ಗರಣೆಗೂ ಎದ್ದು ಹಿತ್ತಿಲಿಗೆ ಓಡುತ್ತಿದ್ದೆಯಲ್ಲ, ಆಗ ನಾನು ನಕ್ಕದ್ದು ಜ್ಞಾಪಕಕ್ಕೆ ಬಂತು.

ಕೊನೆಗೆ ಕರಿಸಿದ್ದಯ್ಯ ಎಡಪಕ್ಕೆಯನ್ನೂ ಹೊಟ್ಟೆಯ ಭಾಗವನ್ನೂ ಅಗಲವಾಗಿ ಕೊಯ್ದು ಹೂಳಿಸಿದ. ಮಿಕ್ಕದ್ದು ಒಳ್ಳೆಯದಿದೆ, ಇವತ್ತೇ ಬೇಯಿಸಿ, ಇಲ್ಲವೆ ಉಪ್ಪು ಹಾಕಿ ಎಂದ. ತಿಂದವರೆಲ್ಲ ಗಟ್ಟಿಯಾಗಿದ್ದಾರೆ. ಚಿಕ್ಕಬೋರಯ್ಯ ಮಾತ್ರ ಎರಡು ದಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡ.

ಅವ್ವ ಸಾರು ಮಾಡಿದ್ದಳು. ನಿನ್ನ ಕೈಯ ಖಾರ ಬರಲಿಲ್ಲ ಎಂದು ತಾನೇ ಹೇಳಿದಳು. ಆ ಮಾತನ್ನು ಅವಳ ಬಾಯಿಂದ ಕೇಳಲು ನೀನು ಇಲ್ಲಿರಬೇಕಿತ್ತು. ನಿನಗೆ ನಗು ಬರಬಹುದು, ಆದರೂ ಬರೆಯುತ್ತೇನೆ. ದಾರಿಯಲ್ಲಿ ಯಾರಾದರೂ ಸೆರಗು ಬಿಗಿದು ಬಿರಬಿರನೆ ಬರುವುದು ಕಂಡರೆ ನೀನೇ ಎಂದು ಎದ್ದು ನಿಲ್ಲುತ್ತೇನೆ. ಹತ್ತಿರ ಬಂದ ಮೇಲೆ ನೋಡಿದರೆ ಮೇಲಿನ ಬೀದಿಯ ಚಲುವಮ್ಮ. ಅವಳಿಗೂ ಗೊತ್ತಾಗಿಹೋಗಿದೆ, ಈಗ ದೂರದಿಂದಲೇ “ನಾನು ಕಣಣ್ಣ, ಕೂತ್ಕೊ” ಎನ್ನುತ್ತಾಳೆ. ನೀನಿಲ್ಲದೆ ನನಗೆ ಆಗುವುದಿಲ್ಲ ಹೊಂಬಾಳೆ.

ಬರುತ್ತೇನೆ ಎಂದು ಒಂದು ಸಾಲು ಬರೆದರೆ ಸಾಕು, ಗಾಡಿ ಕಟ್ಟಿಕೊಂಡು ನಾನೇ ಬರುತ್ತೇನೆ. ಅತ್ತೆ ಮಾವನವರಿಗೆ ನಮಸ್ಕಾರ ಹೇಳು. ತಣ್ಣೀರಿನಲ್ಲಿ ಕೈಯಾಡಿಸಬೇಡ, ಮೈ ನೋಡಿಕೋ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ದಾರಿ ಕಾಯುವ,
ಪುಟ್ಟಸ್ವಾಮಿ

ಮರೆತ ಮಾತು: ಇದನ್ನು ನಿಮ್ಮಣ್ಣನ ಕೈಲಿ ಓದಿಸಬೇಡ, ನೀನೊಬ್ಬಳೇ ಓದು. ಬಾಡು ಹಂಚುವಾಗ ಬಸುರಿ ಇರುವ ಮನೆಗೆ ನಮ್ಮೂರಲ್ಲಿ ಎರಡು ಪಾಲು, ಒಂದು ಹೊಟ್ಟೆಯೊಳಗಿನ ಕೂಸಿನದು. ಕರಿಸಿದ್ದಯ್ಯ ದಸರೆಯಿಂದ ಬಿದಿರು ಕಡಿಸಲು ಕಾಡಿನಲ್ಲೇ ಇದ್ದವನು, ಜಿಂಕೆಗೆ ಗುಂಡು ಬಿದ್ದ ದಿನವೇ ಊರಿಗೆ ಬಂದಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಮುತ್ತುಗದ ಎಲೆಯ ಮೇಲೆ ಪಾಲು ಹಾಕುತ್ತಾ ಬಂದು, “ಪುಟ್ಟಸ್ವಾಮಿಗೆ ಎರಡು ಕಣ್ರಪ್ಪ, ಒಂದು ಮೊಗೀಗೆ” ಎಂದ. ಒಂದೇ ಸಾಕು ಎನ್ನದೆ ಎರಡನ್ನೂ ತಂದೆ. ಅವ್ವ ಒಂದನ್ನು ಬೇಯಿಸಿದಳು. ಇನ್ನೊಂದಕ್ಕೆ ಉಪ್ಪು ಅರಿಸಿನ ಹಚ್ಚಿ ಒಲೆಯ ಮೇಲೆ ಕಟ್ಟಿದ್ದಾಳೆ. ಅದನ್ನು ತಿನ್ನಲೂ ಆಗುತ್ತಿಲ್ಲ, ಎಸೆಯಲೂ ಆಗುತ್ತಿಲ್ಲ.

ಸುದ್ದಿ ಬಂದು ನಾನು ದುದ್ದ ಮುಟ್ಟುವ ಹೊತ್ತಿಗೆ ಕೂಸನ್ನು ಮಣ್ಣು ಮಾಡಿ ಬಂದಿದ್ದರು. ಹೆಣ್ಣು ಎಂದರು, ಅಷ್ಟೇ. ಮುಖ ನೋಡಿದವಳು ನೀನು. ಬಾ, ಅದು ಯಾರ ಹಾಗಿತ್ತು ಎಂದು ನನಗೆ ಹೇಳು.