ಅಲಗು ಎಷ್ಟೆತ್ತರಕ್ಕೆ?

ಅಪ್ಪಾ,

ಕೂತಲ್ಲಿ ಕೂರೋಕಾಗ್ತಿಲ್ಲ, ಅದಕ್ಕೇ ಬರೀತಿದ್ದೀನಿ. ನೀನು ಹೋದಮೇಲೆ ಮೂಲೆ ಸೇರಿದ್ದ ಹುಲ್ಲು ಕತ್ತರಿಸೋ ಮಶೀನನ್ನ ಇವತ್ತು ಹೊರಗೆ ತೆಗೆಸಿದೆ. ಕೆಲಸಕ್ಕೆ ಕರೆಸಿದ ಆಸಾಮಿ, ಬಂದವನೇ ಅಲಗನ್ನ ನೆಲಕ್ಕೆ ತಾಗೋ ಹಾಗೆ ಇಳಿಸಿಬಿಟ್ಟ. ಅಡುಗೆಮನೆ ಕಿಟಕಿಯಿಂದ ನಾನು ನೋಡೋಷ್ಟರಲ್ಲಿ ಗೇಟಿನ ಪಕ್ಕ ಹುಲ್ಲು ಬೋಳಾಗಿ ಮಣ್ಣು ಕಾಣ್ತಿತ್ತು.

"ಬೇಸಿಗೇಲಿ ಉದ್ದ ಬಿಡಬೇಕು ಕಣಯ್ಯಾ! ಹುಲ್ಲಿನ ಬುಡಕ್ಕೆ ಹುಲ್ಲೇ ನೆರಳು," ಅಂತ ಕೂಗಾಡಿದೆ. ನೀನು ಇದನ್ನೇ ಹೇಳಿದಾಗ "ಅರ್ಧಂಬರ್ಧ ಕ್ಷೌರ" ಅಂತ ಆಡಿಕೊಳ್ತಿದ್ದವಳು ನಾನೇ.

"ಆಯ್ತಮ್ಮಾ, ಎಷ್ಟೆತ್ತರಕ್ಕೆ ಇಡಬೇಕು ಹೇಳಿ," ಅಂದ.

"ಇರು, ಬಂದೆ," ಅಂದವಳೇ ನಿನ್ನನ್ನ ಕೇಳೋಕೆ ಒಳಗೆ ಓಡಿಬಂದೆ.

ಅವನು ಇನ್ನೂ ಬಿಸಿಲಲ್ಲೇ ಕಾಯ್ತಾ ನಿಂತಿದ್ದಾನೆ.