ಕೆಳಗೇಟಿನ ಕೋಲು

ಕೆಳಗೇಟು,
ಹದಿನೆಂಟನೇ ತಾರೀಕು, ಭಾನುವಾರ

ಪ್ರೀತಿಯ ಅಕ್ಕಾ,

ಮೊದಲು ಬೈದು ಮುಗಿಸು, ಆಮೇಲೆ ಓದು. ಗುರುವಾರ ಸಂಜೆ ನೀನೂ ಭಾವನೂ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕಾದಿರಿ, ಬಂದ ಬಸ್ಸಿಗೆಲ್ಲ ಇಣುಕಿ ನೋಡಿದಿರಿ, ನಾನು ಇಳಿಯಲಿಲ್ಲ. ಮರುದಿನ ನೀನು ಫೋನ್ ಮಾಡಿದಾಗ ದಾರಿ ಮುಚ್ಚಿತ್ತು ಅಂತ ಒಂದೇ ಮಾತು ಹೇಳಿ ಇಟ್ಟುಬಿಟ್ಟೆ. ಅದು ಸುಳ್ಳಲ್ಲ. ದಾರಿ ಮುಚ್ಚಿದ್ದು ನಿಜ. ಮುಚ್ಚಿದವಳು ನಾನು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧ ಮಾತಿಗೇ ಬಾಯಿ ಹಾಕುತ್ತೀಯ, ನನಗೆ ಮೂಗಿನ ತುದಿಯಲ್ಲೇ ಕೋಪ, ಕೊನೆಗೆ ಇಬ್ಬರೂ ಊಟ ಆಯಿತಾ ಅಂತ ಕೇಳಿ ಇಡುತ್ತೇವೆ. ಕಾಗದವಾದರೆ ನೀನು ಪೂರ್ತಿ ಕೇಳಿಸಿಕೊಳ್ಳಲೇಬೇಕು.

ನಾನು ಹೊರಟಿದ್ದೆ ಕಣೇ. ನನ್ನಾಣೆ. ಕಂದು ಬ್ಯಾಗಿನಲ್ಲಿ ಬಟ್ಟೆ, ಅಮ್ಮನ ಫೋಟೋ, ಅಪ್ಪನ ಸ್ವೆಟರು, ನೀನು ಹೇಳಿದ ಹಾಗೆ ಎರಡು ಜೊತೆ ಚಪ್ಪಲಿ. ನೀನು ನೋಡಿಟ್ಟ ಹಾಸ್ಟೆಲಿನ ಮೇಲ್ವಿಚಾರಕಿ ಕೆಲಸಕ್ಕೆ ಒಂದು ಕೋಣೆಯೂ ಸೇರಿದೆ, ಆ ಕೋಣೆಯ ಕಿಟಕಿ ತೆಗೆದರೆ ಬರೀ ಬಯಲು, ಕಣ್ಣಿಗೆ ಏನೂ ಅಡ್ಡ ಬರುವುದಿಲ್ಲ ಅಂತ ನೀನು ಬರೆದಿದ್ದೆಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಏನೂ ಕಾಣದ ಒಂದು ಕಿಟಕಿ. ನಲವತ್ತು ವರ್ಷದಲ್ಲಿ ನಾನು ಕೇಳಿಕೊಂಡದ್ದು ಅದೊಂದೇ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರೆ. ನಮಗೆ ದೂರದ ಬೆಟ್ಟ ಎಲ್ಲಿದೆ? ಎಲ್ಲ ಮೂಗಿಗೆ ತಾಗಿಕೊಂಡೇ ನಿಂತಿವೆ. ಬೆಳಿಗ್ಗೆ ಒಂಬತ್ತೂವರೆಗೆ ಬಿಸಿಲು ಬರುತ್ತದೆ, ಮೂರೂವರೆಗೆ ಹೋಗುತ್ತದೆ. ಇರುವುದೊಂದು ಬೀದಿ. ಯಾರು ಕೆಮ್ಮಿದರೂ ಇಂಥವರೇ ಅಂತ ಹೇಳಬಲ್ಲೆ. ಔಷಧಿ ಅಂಗಡಿಯವನಿಗೆ ನನ್ನ ತಲೆನೋವು ನನಗಿಂತ ಮೊದಲು ಗೊತ್ತಾಗುತ್ತದೆ. ನಾನು ಗೇಟಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ ಅರ್ಧ ಗಂಟೆಗೆ ಕ್ಷೌರದವನು ಗೇಟಿನ ಹತ್ತಿರ ಬಂದು, ಈ ಊರು ಬಿಟ್ಟು ಹೋದವರೆಲ್ಲ ಹೆಣವಾಗಿಯೇ ವಾಪಸು ಬಂದದ್ದು ಅಂತ ಹೇಳಿ, ನಗುತ್ತಾ ಹೋದ. ನಿನ್ನ ನಾಲಿಗೆಗೇ ಮೊದಲು ಕ್ಷೌರ ಮಾಡಿಕೋ ಅಂತ ನಾನೂ ಹೇಳಿದೆ. ಆದರೆ ಒಳಗೆ ಚುರ್ ಅಂದಿತು.

ಭಾವನಿಗೆ ಓದಿ ಹೇಳುತ್ತೀಯಲ್ಲ, ಅವರಿಗೆ ಗೇಟಿನ ಕಟ್ಟಳೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತೇನೆ. ಊರಿಂದ ಹೊರಗೆ ಇರುವುದು ಒಂದೇ ದಾರಿ. ಹನ್ನೊಂದು ಕಿಲೋಮೀಟರು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಒಂದೇ ಗಾಡಿಯ ಅಗಲ. ಎದುರುಬದುರಾದರೆ ಇಬ್ಬರಲ್ಲಿ ಒಬ್ಬ ಹಿಂದೆ ಸರಿಯಬೇಕು, ಸರಿಯಲು ಜಾಗವಿಲ್ಲ. ಅದಕ್ಕೇ ಕೆಳಗೊಂದು ಗೇಟು, ಮೇಲೊಂದು ಗೇಟು, ನಡುವೆ ಒಂದೇ ಒಂದು ಗಿಡ್ಡ ಕೆಂಪು ಕೋಲು. ಕೋಲು ಯಾವ ಗೇಟಿನಲ್ಲಿದೆಯೋ ಆ ಗೇಟಿನವರು ಗಾಡಿ ಬಿಡಬಹುದು. ಸಾಲಿನ ಕೊನೆಯ ಗಾಡಿಯವನ ಕೈಗೆ ಕೋಲು ಕೊಡಬೇಕು. ಅದು ಆ ತುದಿ ಮುಟ್ಟಿತು ಅಂದರೆ ದಾರಿಯಲ್ಲಿ ಯಾರೂ ಉಳಿದಿಲ್ಲ ಅಂತ ಅರ್ಥ. ಮೊದಲು ಫೋನಿನಲ್ಲೇ ನಡೆಯುತ್ತಿತ್ತು. ಯಾರೋ ತಪ್ಪು ಕೇಳಿಸಿಕೊಂಡು ಎರಡು ಲಾರಿ ಪಾತಾಳಕ್ಕೆ ಹೋದ ಮೇಲೆ ಬಾಯಿಮಾತು ನಿಂತಿತು. ಈಗ ದೇವರೇ ಬಂದು ದಾರಿ ಖಾಲಿ ಇದೆ ಅಂದರೂ, ಕೋಲು ಎಲ್ಲಿ ಅಂತ ಕೇಳಬೇಕು. ಅಪ್ಪ ಹಾಗೆ ಹೇಳುತ್ತಿದ್ದರು.

ಗುರುವಾರ ಬೆಳಿಗ್ಗೆ ಹತ್ತರ ತನಕ ನನ್ನದೇ ಪಾಳಿ. ಆಮೇಲೆ ದರ್ಜಿಯ ಹೆಂಡತಿಯದು. ಅವಳೇ ನನ್ನ ಜಾಗಕ್ಕೆ ಬಂದವಳು. ಒಂದು ವಾರ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟಿದ್ದೆ. ಒಳ್ಳೆಯ ಹೆಂಗಸು, ಆದರೆ ಹಾರ್ನ್ ಕೇಳಿದರೆ ಶಿಳ್ಳೆ ಎಲ್ಲಿಟ್ಟೆ ಅಂತ ಹುಡುಕುತ್ತಾಳೆ. ಇಳಿದು ಬಂದ ಸಾಲಿನ ಕೊನೆಯ ಲಾರಿಯವನು ಕೋಲು ಕೊಟ್ಟ. ಇಸಿದುಕೊಂಡೆ, ಚೀಲಕ್ಕೆ ಹಾಕಿದೆ. ಕುರ್ಚಿಗೆ ನೇತುಹಾಕುವ ನನ್ನ ಊಟದ ಚೀಲ. ಹಿಂದೊಮ್ಮೆ ಮೇಜಿನ ಮೇಲಿಟ್ಟ ಕೋಲನ್ನು ಯಾರೋ ನಾಯಿ ಓಡಿಸಲು ಎತ್ತಿಕೊಂಡು ಹೋಗಿದ್ದರಿಂದ, ಗಾಡಿ ಸೇರುವ ತನಕ ಕೋಲು ಚೀಲದಲ್ಲೇ ಇರುವುದು ನಮ್ಮ ಮನೆತನದ ಪದ್ಧತಿ. ಬೀಗದ ಕೈ ಕೊಟ್ಟೆ, ರಿಜಿಸ್ಟರು ಕೊಟ್ಟೆ, ಶಿಳ್ಳೆ ಕೊಟ್ಟೆ. ಅವಳು ಅಳುವ ಹಾಗಿದ್ದಳು, ಬೆನ್ನು ತಟ್ಟಿದೆ. ಚೀಲ ಹೆಗಲಿಗೆ ಹಾಕಿಕೊಂಡು, ಬ್ಯಾಗು ಹಿಡಿದು ಬಸ್ಸು ಹತ್ತಿದೆ.

ಬಸ್ಸು ಸಾಲಿನಲ್ಲಿ ಮೊದಲನೆಯದು. ಹತ್ತೊಂಬತ್ತು ವರ್ಷ ಆ ದಾರಿಗೆ ಗಾಡಿ ಬಿಟ್ಟವಳು, ಆ ದಾರಿಯಲ್ಲಿ ಹೋದದ್ದು ಬೆರಳೆಣಿಕೆಯಷ್ಟು ಸಲ. ಪ್ರತಿ ತಿರುವಿನಲ್ಲೂ ಊರು ಇನ್ನಷ್ಟು ಚಿಕ್ಕದಾಯಿತು, ಕೊನೆಗೆ ತಟ್ಟೆಯ ತಳದಲ್ಲಿ ಉಳಿದ ನಾಲ್ಕು ಅಗುಳಿನಷ್ಟಾಯಿತು. ಮೇಲ್ಗೇಟಿನವನು ಕೈ ಬೀಸಿದ. ನಾವು ಅವನನ್ನು ಗಡಿಯಾರ ಅನ್ನುವುದು. ದಿನಕ್ಕೆ ಎಂಟು ಸಲ ಫೋನಿನಲ್ಲಿ ಮಾತಾಡುತ್ತೇವೆ, ಒಂದು ಸಲವೂ ಗಂಟೆ ಬಿಟ್ಟು ಬೇರೆ ವಿಷಯ ಮಾತಾಡಿಲ್ಲ. ಗೇಟು ದಾಟಿದ ಕೂಡಲೇ ಗಾಳಿ ಬೇರೆಯಾಯಿತು. ನಾನು ಅತ್ತೆ ಅಕ್ಕಾ. ಪಕ್ಕದಲ್ಲಿ ಕೂತ ಹೆಂಗಸು ವಾಂತಿ ಬರುತ್ತದೇನೋ ಅಂತ ನಿಂಬೆಹಣ್ಣು ಕೊಟ್ಟಳು.

ಆಚೆ ಎರಡು ಕಿಲೋಮೀಟರು ಇಳಿದರೆ ಟೀ ಅಂಗಡಿ. ಬಸ್ಸು ಅಲ್ಲಿ ಕಾಲು ಗಂಟೆ ನಿಲ್ಲುತ್ತದೆ. ಒಂದು ಬನ್ನು ತೆಗೆದುಕೊಂಡೆ. ನೀರಿನ ಬಾಟಲಿಗೆ ಅಂತ ಚೀಲಕ್ಕೆ ಕೈ ಹಾಕಿದೆ. ಕೈಗೆ ಕೋಲು ಸಿಕ್ಕಿತು.

ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಸುತ್ತ ನೋಡಿ ಚೀಲದ ಬಾಯಿ ಮುಚ್ಚಿದೆ. ಆಮೇಲೆ ತಿಳಿಯಿತು, ಕೆಳಗೆ ದರ್ಜಿಯ ಹೆಂಡತಿ ಗಾಬರಿಯಲ್ಲಿ, ನಾನೇ ಯಾರ ಕೈಗೋ ಕೊಟ್ಟಿರಬೇಕು ಅಂದುಕೊಂಡು ಸಾಲು ಪೂರ್ತಿ ಬಿಟ್ಟಿದ್ದಳು. ಕೊನೆಯದು ಹಾಲಿನ ವ್ಯಾನು. ಅದು ಮೇಲಕ್ಕೆ ಬಂದಿದೆ, ಗಡಿಯಾರ ಕೈ ಚಾಚಿದ್ದಾನೆ, ವ್ಯಾನಿನವನು ಬರಿಗೈ ತೋರಿಸಿದ್ದಾನೆ. ಮುಗಿಯಿತು. ಮೇಲಿನವರು ಇಳಿಯುವ ಹಾಗಿಲ್ಲ, ಕೆಳಗಿನವರು ಹತ್ತುವ ಹಾಗಿಲ್ಲ. ಟೀ ಅಂಗಡಿಯ ಬೆಂಚಿನಿಂದಲೇ ನೋಡಿದೆ, ಮೇಲ್ಗೇಟಿನ ಮುಂದೆ ಗಾಡಿಗಳು ಒಂದರ ಹಿಂದೆ ಒಂದು ನಿಲ್ಲುತ್ತಾ ಹೋದವು.

ಡ್ರೈವರಿಗೆ ಕೋಲು ತೋರಿಸಿದೆ. ಅವನು ಹಣೆ ಚಚ್ಚಿಕೊಂಡ. ಯಾವುದಾದರೂ ಮೇಲೆ ಹೋಗುವ ಗಾಡಿಯವರ ಕೈಗೆ ಕೊಟ್ಟು ಬಾರಮ್ಮ, ಹೊರಡೋಣ ಅಂದ. ಅದು ಸರಿಯಾದ ಮಾತೇ. ಅಷ್ಟು ಹೊತ್ತಿಗೆ ಒಂದು ಟೆಂಪೋ ಬಂದೂ ಬಂತು. ನಾನು ಕೊಡಲಿಲ್ಲ. ಬ್ಯಾಗು ಇಳಿಸಿಕೊಂಡು ಏರಿನಲ್ಲಿ ನಡೆದೆ. ಬಸ್ಸು ಎರಡು ಸಲ ಹಾರ್ನ್ ಹಾಕಿ ಹೊರಟುಹೋಯಿತು.

ನಲವತ್ತು ನಿಮಿಷ ನಡೆದೆ. ಗಡಿಯಾರ ಕೋಲು ಇಸಿದುಕೊಂಡು ತಿರುಗಿಸಿ ನೋಡಿ, ಇಷ್ಟು ವರ್ಷದಲ್ಲಿ ಇದೇ ಮೊದಲು ಅಂದ. ಗಂಟೆಯ ವಿಷಯ ಅಲ್ಲದ ಅವನ ಮೊದಲ ಮಾತು ಅದು. ಸಾಲಿನ ಕೊನೆಯಲ್ಲಿ ಇಟ್ಟಿಗೆ ಲಾರಿ. ಅದರಲ್ಲಿ ನಾನೂ ಕೂತೆ, ಕೋಲು ತೊಡೆಯ ಮೇಲಿಟ್ಟುಕೊಂಡು. ಕೆಳಗೆ ಬಂದಾಗ ಊರಿಗೆ ಊರೇ ಗೇಟಿನಲ್ಲಿತ್ತು. ಕ್ಷೌರದವನು ತನ್ನ ಕೈಗಡಿಯಾರ ನೋಡಿಕೊಂಡು, ಮೂರು ಗಂಟೆಯೂ ತಾಳಲಿಲ್ಲವಲ್ಲ ಅಂದ. ದರ್ಜಿಯ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳನ್ನು ಮನೆಗೆ ಕಳಿಸಿ ನಾನೇ ಕೂತೆ. ಕುರ್ಚಿ ನನ್ನ ಮೈಯ ಅಳತೆಗೇ ತಗ್ಗಿದೆ, ಕೂತರೆ ಸಾಕು, ಹಿಡಿದುಕೊಳ್ಳುತ್ತದೆ.

ನೀನು ಕೇಳುವುದು ನನಗೆ ಗೊತ್ತು. ಶುಕ್ರವಾರವೂ ಬಸ್ಸಿತ್ತಲ್ಲ? ಶನಿವಾರವೂ ಇತ್ತಲ್ಲ? ಇತ್ತು. ಎರಡು ದಿನವೂ ಬಸ್ಸಿನ ಮುಂದೆ ನಾನೇ ಗೇಟು ಎತ್ತಿದೆ. ರಾಜೀನಾಮೆ ಇನ್ನೂ ಸಾಹೇಬರ ಮೇಜಿನ ಮೇಲಿದೆ, ತಿಂಗಳ ಕೊನೆಯೊಳಗೆ ಮನಸ್ಸು ಬದಲಾದರೆ ಹೇಳಿ ಅಂದಿದ್ದಾರೆ. ಹಾಸ್ಟೆಲಿನವರೂ ತಿಂಗಳ ಕೊನೆಯ ತನಕವೇ ಕಾಯುವುದು. ಇನ್ನು ಹನ್ನೆರಡು ದಿನ. ಈ ಬಾವಿಯಲ್ಲೇ ಮುದುಕಿಯಾಗುವುದನ್ನು ನೆನೆಸಿಕೊಂಡರೆ ಉಸಿರು ಕಟ್ಟುತ್ತದೆ. ಆದರೂ ಬಸ್ಸಿನ ಮೆಟ್ಟಿಲಿಗೆ ಕಾಲು ಏಳುತ್ತಿಲ್ಲ. ಕೆಲಸ ಬಿಟ್ಟು ಅಭ್ಯಾಸವಿಲ್ಲ, ಹೆದರಿಕೊಂಡಿದ್ದೇನೆ ಅಂತ ಇಟ್ಟುಕೋ.

ಭಾವನಿಗೆ ನಮಸ್ಕಾರ ಹೇಳು. ನಾನು ಕೇಳಿದ್ದೆ ಅಂತ ಹಗಲಿಡೀ ಅವರು ರಿಪೇರಿ ಮಾಡುವ ಹೊಲಿಗೆ ಯಂತ್ರಗಳಿಗೂ ಹೇಳು.

ನಿನ್ನ,
ಮೆಣಸಿನಕಾಯಿ

ತಾ.ಕ. ಇಲ್ಲಿಂದ ಮುಂದಿನದನ್ನು ಭಾವನಿಗೆ ಓದಿ ಹೇಳಬೇಡ. ನೀನೊಬ್ಬಳೇ ಓದು.

ಮೇಲೆ ಬರೆದ ಹೆದರಿಕೆಯ ಮಾತು ಪೂರ್ತಿ ಸುಳ್ಳು. ಟೀ ಅಂಗಡಿಯ ಬೆಂಚಿನಿಂದ ಆ ಸಾಲು ನೋಡಿದಾಗ ನನಗೆ ಕಂಡದ್ದು ಗಾಡಿಗಳಲ್ಲ, ಅಪ್ಪ. ಹತ್ತೊಂಬತ್ತು ವರ್ಷದ ಹಿಂದೆ, ನೀನು ತಲೆತುಂಬ ಶಾಲು ಹೊದ್ದು ಬಸ್ಸಿನ ಹಿಂದಿನ ಸೀಟಿನಲ್ಲಿ ಭಾವನ ಜೊತೆ ಓಡಿಹೋದ ಬೆಳಿಗ್ಗೆ, ಅಪ್ಪನಿಗೆ ಜ್ವರ ಅಂತ ಗೇಟಿನ ಕಿಟಕಿಯಲ್ಲಿ ಅವರ ಬದಲು ಕೂತವಳು ನಾನು. ಹತ್ತು ಗಂಟೆಗೆ ಅಪ್ಪನಿಗೆ ನಿನ್ನ ಚೀಟಿ ಸಿಕ್ಕಿತು. ಯಾರದೋ ಜೀಪು ತೆಗೆದುಕೊಂಡು, ಅಂಗಿಯ ಗುಂಡಿಯನ್ನೂ ಹಾಕದೆ ಗೇಟಿಗೆ ಬಂದರು. ಮೇಲಿನಿಂದ ಕೋಲು ಬಂತೇ ಅಂತ ಕೇಳಿದರು. ಬಂದಿತ್ತು. ಬಂದಿಲ್ಲ ಅಂದೆ. ಕೋಲು ತಂದುಕೊಟ್ಟವನು ಆಗಲೇ ಊರೊಳಕ್ಕೆ ಹೋಗಿದ್ದ. ಕೋಲಿನ ಮೇಲೆ ಗೋಣಿ ಹಾಕಿ, ಗೋಣಿಯ ಮೇಲೆ ನಾನು ಕೂತಿದ್ದೆ. ನಿನ್ನ ರೈಲು ಒಂದು ಗಂಟೆಗೆ. ಅಲ್ಲಿಯ ತನಕ ಅಪ್ಪ ಇಳಿದು ಬಂದು ಗೇಟಿನಲ್ಲೇ ನಿಂತಿದ್ದ ಲಾರಿಗಳಲ್ಲೆಲ್ಲ ಹುಡುಕಿದರು, ಸೀಟಿನ ಕೆಳಗೆಲ್ಲ ಕೈ ಹಾಕಿದರು. ಗೇಟು ಅವರದೇ, ಎತ್ತಿ ಜೀಪು ಬಿಡಬಹುದಿತ್ತು. ಕೋಲಿಲ್ಲದೆ ಹೋಗಲಿಲ್ಲ. ಜೀಪಿನಲ್ಲಿ ಕೂತು ದಾರಿಯನ್ನೇ ನೋಡುತ್ತಿದ್ದರು.

ಒಂದೂ ಐದಕ್ಕೆ ಕೋಲು ಸಿಕ್ಕಿತು ಅಂತ ಜೀಪಿನ ಹತ್ತಿರ ಓಡಿದೆ. ಅಪ್ಪ ಕೈಗೆ ತೆಗೆದುಕೊಂಡರು. ಅಷ್ಟು ಹೊತ್ತು ಕೂತಿದ್ದೆನಲ್ಲ, ಕೋಲು ಬೆಚ್ಚಗಿತ್ತು. ನನ್ನ ಮುಖ ನೋಡಿದರು, ಇಂಜಿನ್ ಆರಿಸಿದರು. ಆಗ ನಾನು ಪಕ್ಕದ ಸೀಟು ನೋಡಿದೆ. ನಿನ್ನ ಅಂಕಪಟ್ಟಿಗಳ ನೀಲಿ ಫೈಲು, ನೀನು ಮರೆತು ಹೋಗಿದ್ದ ಕನ್ನಡಕ. ಎಳೆದುಕೊಂಡು ಬರಲು ಹೊರಟವರು ಕನ್ನಡಕ ತೆಗೆದುಕೊಂಡು ಹೋಗುತ್ತಾರೆಯೇ ಅಕ್ಕಾ?

ಒಂದು ಮಾತೂ ಬೈಯಲಿಲ್ಲ. ಮರುದಿನದಿಂದ ಆ ಕಿಟಕಿಯಲ್ಲಿ ಕೂರಲಿಲ್ಲ, ಅಷ್ಟೇ. ಇನ್ನು ನೀನೇ ಕೂರು ಅಂದರು. ಕೂತೆ. ಫೈಲನ್ನು ಅಪ್ಪನ ಟ್ರಂಕಿನಿಂದ ಕದ್ದು ಕಳಿಸಿದೆ ಅಂತ ನಿನಗೆ ಬರೆದಿದ್ದೆ. ಕದ್ದದ್ದಲ್ಲ, ಅವರೇ ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು.

ನನ್ನನ್ನು ಹುಡುಕಿಕೊಂಡೂ ಬಾರದ ಅಪ್ಪ ಅಂತ ನೀನು ಪ್ರತಿ ಕಾಗದದಲ್ಲೂ ಬರೆದೆ. ಆ ಮಾತಿಗೇ ಅಂಟಿಕೊಂಡು ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ಮುಖ ನೋಡಲೂ ಬರಲಿಲ್ಲ. ನಾನು ಓದಿದೆ, ಸುಮ್ಮನಿದ್ದೆ. ಇದನ್ನು ನುಂಗಿಕೊಂಡು ನಿನ್ನ ಮನೆಗೆ ಬಂದು ನಿನ್ನ ಕೈಯಡುಗೆ ಉಣ್ಣಲಾರೆ. ಬಸ್ಸಿನಿಂದ ಇಳಿದದ್ದು ಅದಕ್ಕೆ.

ಅಪ್ಪ ನಿನ್ನ ಹಿಂದೆ ಬಂದಿದ್ದರು. ದಾರಿ ಕಟ್ಟಿದವಳು ನಾನು. ಇಷ್ಟು ಗೊತ್ತಾದ ಮೇಲೂ ಬಾ ಅನ್ನುವುದಾದರೆ ತಿಂಗಳ ಕೊನೆಯೊಳಗೆ ಒಂದು ಸಾಲು ಬರೆ. ಬ್ಯಾಗು ಇನ್ನೂ ಬಿಚ್ಚಿಲ್ಲ. ನಿನ್ನ ಹಳೆಯ ಕನ್ನಡಕವೂ ಅದರಲ್ಲೇ ಇದೆ.